ಸುಟ್ಟ ಪತ್ರ, ಸೀಲಾದ ಪತ್ರ: ಕ್ವಿಯರ್ ಸಂಬಂಧದೊಳಗಿನ ಹಿಂಸೆಗೆ ಚರಿತ್ರೆ ಯಾಕಿಲ್ಲ?

1894ರ ಅಕ್ಟೋಬರ್. ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್. ನಾಟಕಕಾರ ಆಸ್ಕರ್ ವೈಲ್ಡ್ ಜ್ವರದಲ್ಲಿ ಮಲಗಿದ್ದಾನೆ. ಜ್ವರ ಅಂಟಿದ್ದು ಸಂಗಾತಿ ಆಲ್ಫ್ರೆಡ್ ಡಗ್ಲಸ್‌ನಿಂದ. ಡಗ್ಲಸ್‌ಗೆ ಫ್ಲೂ ಬಂದಾಗ ಪಕ್ಕದಲ್ಲೇ ಕೂತು ಆರೈಕೆ ಮಾಡಿದವನು ವೈಲ್ಡ್. ಈಗ ಇವನು ಮಲಗಿದರೆ ಅವನು ಮನೆಯಲ್ಲೇ ನಿಲ್ಲುತ್ತಿಲ್ಲ. ರಾತ್ರಿ ಮೂರು ಗಂಟೆಗೆ ಬಾಯಾರಿಕೆ ತಡೆಯಲಾಗದೆ ವೈಲ್ಡ್ ಕತ್ತಲಲ್ಲಿ, ಚಳಿಯಲ್ಲಿ, ನೀರು ಹುಡುಕಿಕೊಂಡು ಕೆಳಗಿಳಿದು ಬರುತ್ತಾನೆ. ಅಲ್ಲಿ ಡಗ್ಲಸ್ ಕೂತಿದ್ದಾನೆ. ಕಂಡಕೂಡಲೇ ಬೈಗುಳದ ಸುರಿಮಳೆ. ಆಮೇಲೆ, ವೈಲ್ಡ್‌ನ ನಲವತ್ತನೇ ಹುಟ್ಟುಹಬ್ಬದ ದಿನ, ಡಗ್ಲಸ್‌ನಿಂದ ಒಂದು ಕಾಗದ ಬಂತು. ಕ್ಷಮೆ ಕೇಳಿ ಬರೆದಿರಬೇಕು ಅಂದುಕೊಂಡು ಒಡೆದು ನೋಡಿದ. ಅದರಲ್ಲಿದ್ದ ಮಾತಿನ ಸಾರ ಇಷ್ಟು: ಪೀಠದ ಮೇಲೆ ಇಲ್ಲದಿದ್ದಾಗ ನಿನ್ನಲ್ಲಿ ಏನೂ ಸ್ವಾರಸ್ಯವಿಲ್ಲ, ಮುಂದಿನ ಸಲ ಕಾಯಿಲೆ ಬಿದ್ದರೆ ನಾನು ಕೂಡಲೇ ಹೊರಟುಬಿಡುತ್ತೇನೆ.

ಇಷ್ಟೂ ನಮಗೆ ಗೊತ್ತಾಗಿದ್ದು ವೈಲ್ಡ್ ಬರೆದಿಟ್ಟದ್ದರಿಂದ. 1897ರಲ್ಲಿ, ಇದೇ ಪ್ರೀತಿಯ ಕಾರಣಕ್ಕೆ ರೆಡಿಂಗ್ ಜೈಲಿನಲ್ಲಿದ್ದಾಗ, ಡಗ್ಲಸ್‌ನನ್ನೇ ಉದ್ದೇಶಿಸಿ ಅವನು ಸುಮಾರು 50,000 ಪದಗಳ ಒಂದು ಪತ್ರ ಬರೆದ. ಹತ್ತು ಹನ್ನೊಂದು ಪುಟಗಳ ಟೆಲಿಗ್ರಾಂ ಕಳಿಸಿ, ನೀನು ನನ್ನನ್ನು ನೋಡದಿದ್ದರೆ ಸಾಯುತ್ತೇನೆ ಎಂಬಂತೆ ಡಗ್ಲಸ್ ಬೆದರಿಸಿದ್ದು ಅದರಲ್ಲಿದೆ. ದುಡ್ಡು ಹೋದದ್ದು, ಬರವಣಿಗೆ ನಿಂತದ್ದು, ಪ್ರತಿ ಸಲ ಬಿಟ್ಟುಬಿಡಬೇಕು ಅಂದುಕೊಂಡು ಮತ್ತೆ ಬಾಗಿಲು ತೆರೆದದ್ದು, ಎಲ್ಲ ಇದೆ. ಇವತ್ತು ಓದಿದರೆ ಯಾವ ಆಪ್ತಸಮಾಲೋಚಕರಿಗೂ ಗುರುತು ಹತ್ತುವ ಕಥೆ.

ಆ ಪತ್ರದ ಗತಿ ಏನಾಯಿತು ಅಂತ ನೋಡಿ. ವೈಲ್ಡ್ ಸತ್ತು ಐದು ವರ್ಷವಾದ ಮೇಲೆ, 1905ರಲ್ಲಿ, ಅವನ ಗೆಳೆಯ ರಾಬರ್ಟ್ ರಾಸ್ ಅದನ್ನು ಅಚ್ಚು ಹಾಕಿಸಿದ. ಆದರೆ ಡಗ್ಲಸ್‌ಗೆ ಸಂಬಂಧಿಸಿದ್ದೆಲ್ಲ ಕತ್ತರಿ ಪಾಲಾಯಿತು. ಉಳಿದದ್ದು ದುಃಖದ ಬಗ್ಗೆ, ಕ್ರಿಸ್ತನ ಬಗ್ಗೆ ಒಬ್ಬ ಕೈದಿಯ ಚಿಂತನೆ. ಓದುಗರು ಕಣ್ಣೀರು ಹಾಕಿ ಓದಿದರು, ಯಾರ ಮೇಲಿನ ನೋವು ಅಂತ ತಿಳಿಯದೆ. 1909ರಲ್ಲಿ ರಾಸ್ ಮೂಲ ಪ್ರತಿಯನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ, 50 ವರ್ಷ ತೆರೆಯಬಾರದು ಅಂತ ಷರತ್ತು ಹಾಕಿ. ನಡುವೆ 1913ರಲ್ಲಿ ಡಗ್ಲಸ್ ತಾನೇ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಮುಚ್ಚಿಟ್ಟ ಭಾಗಗಳನ್ನು ಕೋರ್ಟಿನಲ್ಲಿ ಓದಿಸಿದರು. ತಪ್ಪಿಲ್ಲದ ಪೂರ್ತಿ ಪಠ್ಯ ಅಚ್ಚಾಗಿದ್ದು 1962ರಲ್ಲಿ. ಬರೆದು 65 ವರ್ಷ ಆದಮೇಲೆ.

ರಾಸ್‌ನನ್ನು ಬೈಯುವುದು ಸುಲಭ. ಆದರೆ ಡಗ್ಲಸ್ ಬದುಕಿದ್ದ, ಕೋರ್ಟಿಗೆ ಹೋಗುವ ಚಟ ಬೇರೆ ಇತ್ತು. ಇನ್ನೊಂದು ಮಾತು: ಇದು ವೈಲ್ಡ್ ಒಬ್ಬನ ಕಡೆಯ ಕಥೆ. ಅವನು ಡಗ್ಲಸ್‌ಗಿಂತ 16 ವರ್ಷ ದೊಡ್ಡವನು, ಹೆಸರು ಮಾಡಿದವನು. ಡಗ್ಲಸ್ ತನ್ನ ಕಡೆಯದನ್ನೂ ಬರೆದಿದ್ದಾನೆ. ಯಾರು ಸರಿ ಅಂತ ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ನನಗೆ ಕುತೂಹಲ ಇರುವುದು ಕತ್ತರಿಯ ಬಗ್ಗೆ. ಕ್ವಿಯರ್ ಸಂಬಂಧಗಳ, ಅಂದರೆ ಸಲಿಂಗಿ, ಟ್ರಾನ್ಸ್‌ಜೆಂಡರ್ ಮೊದಲಾದವರ ಸಂಬಂಧಗಳ, ಒಳಗಿನ ಮಾನಸಿಕ ಹಿಂಸೆಯ ಬಗ್ಗೆ ಚರಿತ್ರೆಯಲ್ಲಿ ಏನೂ ಇಲ್ಲ ಅನ್ನುತ್ತೇವೆ. ಏನೂ ಇರಲಿಲ್ಲ ಅಂತಲ್ಲ. ಅದು ಎಲ್ಲೆಲ್ಲಿ ಸೋರಿಹೋಯಿತು ಅನ್ನೋದು ನೋಡಬೇಕು.

ಕಾಗದ ಇಟ್ಟುಕೊಂಡರೆ ಅಪಾಯ

ಮೊದಲನೆಯ ತೂತು ಕಾನೂನು. ಬ್ರಿಟನ್ನಿನಲ್ಲಿ 1885ರ ಕಾನೂನೊಂದು ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು, ಅದು ಮನೆಯ ಬಾಗಿಲು ಹಾಕಿಕೊಂಡು ನಡೆದದ್ದಾದರೂ, ಅಪರಾಧ ಮಾಡಿತು. ಜನ ಅದಕ್ಕೆ ಬ್ಲ್ಯಾಕ್‌ಮೇಲ್ ಮಾಡುವವರ ಸನ್ನದು ಅಂತಲೇ ಹೆಸರಿಟ್ಟರು. 1895ರಲ್ಲಿ ವೈಲ್ಡ್‌ಗೆ ಎರಡು ವರ್ಷ ಕಠಿಣ ಶಿಕ್ಷೆ ಆದದ್ದು ಅದೇ ಕಾನೂನಿನಡಿ. ಅವನು ಡಗ್ಲಸ್‌ಗೆ ಬರೆದ ಪ್ರೇಮಪತ್ರವನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ಇದನ್ನು ಪೇಪರಿನಲ್ಲಿ ಓದಿದ ಯಾವ ಬುದ್ಧಿವಂತ ತಾನೇ ತನ್ನ ಪೆಟ್ಟಿಗೆಯಲ್ಲಿ ಕಾಗದ ಉಳಿಸಿಕೊಂಡಾನು?

ಸುಡುವ ಅಭ್ಯಾಸ ಕಾನೂನಿನ ಭಯ ಇಲ್ಲದ ಕಡೆಗೂ ಹಬ್ಬಿತು. ಅಮೆರಿಕದ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಮತ್ತು ಪತ್ರಕರ್ತೆ ಲೊರೀನಾ ಹಿಕಾಕ್ ಒಬ್ಬರಿಗೊಬ್ಬರು ಬರೆದ 3,000ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. 1978ರಲ್ಲಿ ಅವು ಓದುಗರಿಗೆ ತೆರೆದವು. ಆದರೆ ಕೆಲವನ್ನು ಹಿಕಾಕ್ ಮೊದಲೇ ಸುಟ್ಟಿದ್ದರು. ಸುಟ್ಟದ್ದರಲ್ಲಿ ಪ್ರೀತಿ ಇತ್ತೋ, ಜಗಳ ಇತ್ತೋ, ಎರಡೂ ಇತ್ತೋ, ಇನ್ನು ತಿಳಿಯುವ ದಾರಿ ಇಲ್ಲ. ಗುಟ್ಟು ಮುಚ್ಚಲು ಬೆಂಕಿ ಹಚ್ಚಿದರೆ ಮುತ್ತಿನ ಜೊತೆ ಮೂದಲಿಕೆಯೂ ಬೂದಿಯಾಗುತ್ತದೆ.

ಹಾಗಾದರೆ ಉಳಿದದ್ದೇನು? ಪೊಲೀಸರ ಕಡತ, ಕೋರ್ಟಿನ ಕಡತ, ಆಸ್ಪತ್ರೆಯ ಕಡತ. ಇಲ್ಲಿ ಇನ್ನೊಂದು ತೊಂದರೆ. ಕಡತ ತಾನಾಗಿ ಮಾತಾಡುವುದಿಲ್ಲ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆ ಪ್ರಶ್ನೆ ಏನಾಗಿತ್ತು ಅನ್ನೋದಕ್ಕೆ 1873ರ ಬ್ರಸೆಲ್ಸ್ ಒಳ್ಳೆಯ ಉದಾಹರಣೆ.

ಫ್ರೆಂಚ್ ಕವಿ ವೆರ್ಲೇನ್, ಅವನಿಗಿಂತ ಹತ್ತು ವರ್ಷ ಚಿಕ್ಕವನಾದ ಕವಿ ರ‍್ಯಾಂಬೋ. ಇಬ್ಬರೂ ಲಂಡನ್ನಿನಲ್ಲಿ ಒಟ್ಟಿಗಿದ್ದರು. ಒಂದು ದಿನ ವೆರ್ಲೇನ್ ಕೈಯಲ್ಲಿ ಮೀನು, ಎಣ್ಣೆ ಬಾಟಲಿ ಹಿಡಿದು ಮನೆಗೆ ಬರುತ್ತಿದ್ದನಂತೆ. ಕಿಟಕಿಯಿಂದ ನೋಡಿದ ರ‍್ಯಾಂಬೋ, ಎಂಥಾ ಪೆದ್ದನ ಹಾಗೆ ಕಾಣ್ತಿದ್ದೀಯ ಅಂತ ಗೇಲಿ ಮಾಡಿದ. ವೆರ್ಲೇನ್ ಗಂಟುಮೂಟೆ ಕಟ್ಟಿ ಬ್ರಸೆಲ್ಸ್‌ಗೆ ಹೊರಟೇಬಿಟ್ಟ. ಅಲ್ಲಿಂದ ಸಾಯುತ್ತೇನೆ ಅನ್ನುವ ಕಾಗದಗಳು. ರ‍್ಯಾಂಬೋ ಅಲ್ಲಿಗೆ ಬಂದ, ಮತ್ತೆ ಬಿಟ್ಟುಹೋಗುತ್ತೇನೆ ಅಂದ. ಜುಲೈ 10ರಂದು ವೆರ್ಲೇನ್ ಅವನ ಮೇಲೆ ಎರಡು ಗುಂಡು ಹಾರಿಸಿದ. ಒಂದು ಮಣಿಕಟ್ಟಿಗೆ ತಗುಲಿತು.

ಈಗ ರಾಜ್ಯಕ್ಕೆ ಆಸಕ್ತಿ ಹುಟ್ಟಿತು. ಎಂಥ ಆಸಕ್ತಿ? ಇಬ್ಬರ ನಡುವೆ ದೈಹಿಕ ಸಂಬಂಧ ಇತ್ತೇ ಅಂತ ಪತ್ತೆ ಮಾಡಲು ವೈದ್ಯರಿಂದ ವೆರ್ಲೇನ್‌ನ ದೇಹ ತಪಾಸಣೆ ಮಾಡಿಸಿದರು. ವರದಿ ಬರೆಸಿದರು. ರ‍್ಯಾಂಬೋ ದೂರು ವಾಪಸ್ ತೆಗೆದುಕೊಂಡರೂ ವೆರ್ಲೇನ್‌ಗೆ ಎರಡು ವರ್ಷ ಜೈಲಾಯಿತು. ಆ ಹುಡುಗ ಹೇಗೆ ಬದುಕಿದ್ದ, ಸಾಯುವ ಬೆದರಿಕೆ ಕೇಳುತ್ತಾ ಯಾಕೆ ಮರಳಿ ಬಂದ, ವೆರ್ಲೇನ್‌ನನ್ನು ಗೇಲಿ ಮಾಡುತ್ತಲೇ ಯಾಕೆ ಜೊತೆಗೆ ಉಳಿದ, ಇದನ್ನು ಯಾರೂ ಕೇಳಲಿಲ್ಲ. ಆ ಪಿಸ್ತೂಲು ಮಾತ್ರ ಭದ್ರವಾಗಿ ಉಳಿಯಿತು. 2016ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 4,34,500 ಯೂರೋಗೆ ಹೋಯಿತು. ಗುಂಡಿಗೆ ಬೆಲೆ ಕಟ್ಟಬಹುದು. ಗೇಲಿಗೆ ಎಲ್ಲಿ ಕಟ್ಟುತ್ತೀರಿ?

ವೈದ್ಯರ ಕಡತದ ಕಥೆಯೂ ಇದೇ. ಸಲಿಂಗ ಪ್ರೀತಿಯನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಅಮೆರಿಕದ ಮನೋವೈದ್ಯರ ಸಂಘ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಅದಕ್ಕೂ ಮೊದಲು ಒಬ್ಬ ಹೆಂಗಸು ಡಾಕ್ಟರ ಮುಂದೆ ಕೂತು, ನನ್ನ ಜೊತೆಗಿರುವವಳು ನನ್ನನ್ನು ದಿನಾ ಹಂಗಿಸುತ್ತಾಳೆ, ನನಗೆ ನಿದ್ದೆ ಬರುತ್ತಿಲ್ಲ ಅಂದಿದ್ದರೆ, ಡಾಕ್ಟರು ಹಂಗಿಸುವುದನ್ನು ಬರೆದುಕೊಳ್ಳುತ್ತಿರಲಿಲ್ಲ. ಜೊತೆಗಿರುವವಳು ಹೆಣ್ಣು ಅನ್ನೋದನ್ನು ಬರೆದುಕೊಳ್ಳುತ್ತಿದ್ದರು. ರೋಗ ಅಲ್ಲೇ ಸಿಕ್ಕಿತಲ್ಲ, ಇನ್ನು ಕಾರಣ ಹುಡುಕುವುದೇಕೆ?

ಒಂದು ಸಂಜೆ

ಹಳೆಯ ಕಥೆ ಸಾಕು. ಇವತ್ತಿನ ಒಂದು ಸಂಜೆ ಊಹಿಸಿಕೊಳ್ಳಿ. ಇಬ್ಬರು ಹುಡುಗಿಯರು, ಒಟ್ಟಿಗಿದ್ದು ಎರಡು ವರ್ಷ. ಗೆಳೆಯರ ಮನೆಯಲ್ಲಿ ಒಂದು ಪಾರ್ಟಿ. ಇವಳು ಯಾರದೋ ಜೋಕಿಗೆ ಸ್ವಲ್ಪ ಜೋರಾಗಿ ನಕ್ಕಳು. ಕಾರಿನಲ್ಲಿ ವಾಪಸ್ ಬರುವಾಗ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಏನಾಯ್ತು ಅಂದರೆ, "ಏನಿಲ್ಲ." ಮನೆ ಸೇರಿದ ಮೇಲೆ ರಾತ್ರಿ ಎರಡರವರೆಗೆ ವಿಚಾರಣೆ. ಯಾರ ಕಡೆ ನೋಡಿ ನಕ್ಕೆ, ಯಾಕೆ ನಕ್ಕೆ, ಫೋನ್ ಕೊಡು. ಇವಳು ಅತ್ತರೆ, "ನಾಟಕ ಶುರುವಾಯ್ತು." ಇವಳು ಮಲಗಲು ಹೊರಟರೆ, "ನಿನ್ನ ಅಮ್ಮನಿಗೆ ಫೋನ್ ಮಾಡ್ಲಾ? ನಾವಿಬ್ಬರು ಸುಮ್ನೆ ರೂಮ್‌ಮೇಟ್ ಅಲ್ಲ ಅಂತ ಹೇಳ್ಲಾ?"

ಬೆಳಗ್ಗೆ ಅವಳೇ ಕಾಫಿ ಮಾಡಿ ತಂದುಕೊಡುತ್ತಾಳೆ. ಇವಳು ಮೆಲ್ಲಗೆ, ರಾತ್ರಿ ನೀನು ಅಮ್ಮನ ವಿಷಯ ತೆಗೆದದ್ದು ನನಗೆ ತುಂಬಾ ಹೆದರಿಕೆಯಾಯ್ತು ಅಂತಾಳೆ. ಅವಳು ಕಣ್ಣರಳಿಸಿ, "ನಾನು ಹಾಗಂದೇ ಇಲ್ಲ. ನಿನಗೆ ಏನೇನೋ ಕೇಳಿಸುತ್ತೆ." ಇವಳು ಸ್ನಾನಕ್ಕೆ ಹೋಗಿ, ಷವರ್ ಕೆಳಗೆ ನಿಂತು, ಅಂದಳೋ ಇಲ್ಲವೋ ಅಂತ ಲೆಕ್ಕ ಹಾಕುತ್ತಾಳೆ.

ಈ ರಾತ್ರಿ ಯಾವ ಕಡತಕ್ಕೆ ಸೇರಬೇಕು? ಮೈಮೇಲೆ ಗಾಯವಿಲ್ಲ, ಆಸ್ಪತ್ರೆಗೆ ಹೋಗಲಿಲ್ಲ. ಒಡೆದ ಪಾತ್ರೆ ಇಲ್ಲ, ಅಕ್ಕಪಕ್ಕದವರಿಗೆ ಸದ್ದು ಕೇಳಿಸಲಿಲ್ಲ. ಅಮ್ಮನಿಗೆ ಹೇಳುವಂತಿಲ್ಲ, ಹೇಳಿದರೆ ಬೆದರಿಕೆ ಹಾಕಿದವಳ ಕೆಲಸ ಇವಳೇ ಮಾಡಿದ ಹಾಗಾಗುತ್ತದೆ. ಗೆಳೆಯರಿಗೆ ಹೇಳೋಣವೆಂದರೆ ಇಬ್ಬರಿಗೂ ಅದೇ ಗೆಳೆಯರು. ಹತ್ತು ಹದಿನೈದು ಜನರ ಆ ಬಳಗದಲ್ಲಿ ಮಾತ್ರ ಇವಳು ಇವಳಾಗಿ ಇರಲು ಸಾಧ್ಯ. ಅದನ್ನೂ ಕಳೆದುಕೊಂಡರೆ?

ಗಂಡು-ಹೆಣ್ಣಿನ ಸಂಬಂಧದಲ್ಲೂ ಹೀಗೆಲ್ಲ ಆಗುತ್ತದಲ್ವಾ ಅಂತ ಕೇಳಬಹುದು. ಆಗುತ್ತದೆ. ಮುನಿಸು, ಅನುಮಾನ, ಚುಚ್ಚುಮಾತು, ದುಡ್ಡಿನ ಹಿಡಿತ, ಒಂಟಿ ಮಾಡುವುದು, ಇವೆಲ್ಲ ಎಲ್ಲ ಕಡೆ ಒಂದೇ. ಆದರೆ ಕೆಲವು ಆಯುಧಗಳನ್ನು ಸಮಾಜವೇ ಹದ ಮಾಡಿ ಕೈಗೆ ಕೊಟ್ಟಿರುತ್ತದೆ. ಮನೆಯವರಿಗೆ, ಆಫೀಸಿಗೆ ಹೇಳಿಬಿಡುತ್ತೇನೆ ಅನ್ನುವುದು ಒಂದು. ಟ್ರಾನ್ಸ್ ಸಂಗಾತಿಯನ್ನು ಬೇಕೆಂದೇ ಹಳೆಯ ಹೆಸರಿನಿಂದ ಕರೆಯುವುದು, ಅವರ ಹಾರ್ಮೋನ್ ಮಾತ್ರೆ ಬಚ್ಚಿಡುವುದು ಇನ್ನೊಂದು. ಎಚ್‌ಐವಿ ವಿಷಯ ಬಯಲು ಮಾಡುತ್ತೇನೆ ಅನ್ನುವುದು. ಮಗುವಿಗೆ ಕಾನೂನಿನ ಪ್ರಕಾರ ಒಬ್ಬರೇ ಪೋಷಕರಾಗಿದ್ದರೆ, ನೀನು ಯಾರು ಅಂತ ಕೇಳುವುದು. ದ್ವಿಲಿಂಗಿ, ಅಂದರೆ ಗಂಡು ಹೆಣ್ಣು ಇಬ್ಬರಲ್ಲೂ ಒಲವಿರುವ ಸಂಗಾತಿಗೆ, ನೀನು ಹೇಗೂ ಒಂದು ದಿನ ಮದುವೆಯಾಗಿ ಹೋಗುವವಳು ಅಂತ ದಿನಾ ಕುಟುಕುವುದು.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಕ್ರೂರ ಅನ್ನಿಸುವುದು ಬೇರೆ. ಮೊದಲ ಸಲ ಪ್ರೀತಿಗೆ ಬಿದ್ದವರಿಗೆ, ಅನುಭವ ಇರುವ ಸಂಗಾತಿ "ನಮ್ಮಂಥವರ ಸಂಬಂಧ ಇರೋದೇ ಹೀಗೆ" ಅನ್ನುವುದು. ಗಂಡು-ಹೆಣ್ಣಿನ ದಾಂಪತ್ಯ ಹೇಗಿರುತ್ತೆ, ಹೇಗಿರಬಾರದು ಅಂತ ತೋರಿಸಲು ಚಿಕ್ಕಂದಿನಿಂದ ನೂರು ಮನೆ, ಸಾವಿರ ಕಥೆ ಕಣ್ಣೆದುರು ಇರುತ್ತವೆ. ಇವಳ ಮುಂದೆ ಒಂದೂ ಇಲ್ಲ. ಹೋಲಿಸಿ ನೋಡಲು ಏನೂ ಇಲ್ಲದಿದ್ದಾಗ, ಹಿಂಸೆ ಕೊಡುವವರೇ ನಿಘಂಟು ಬರೆಯುತ್ತಾರೆ. ಚರಿತ್ರೆ ಇಲ್ಲದಿರುವುದು ಇತಿಹಾಸಕಾರರ ತಲೆನೋವು ಮಾತ್ರ ಅಲ್ಲ ಅಂತ ನಾನು ಹೇಳುವುದು ಇದಕ್ಕೇ. ಹೆಸರಿಲ್ಲದ್ದು ದಾಖಲಾಗುವುದಿಲ್ಲ. ದಾಖಲೆ ಇಲ್ಲದ್ದಕ್ಕೆ ಹೆಸರು ಹುಟ್ಟುವುದಿಲ್ಲ. ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತು.

ಪದ ಬಂತು, ಅಚ್ಚು ಬೇರೆಯದಿತ್ತು

ನಡೆದದ್ದನ್ನು ನಡೆದೇ ಇಲ್ಲ ಅಂತ ಸಾಧಿಸಿ ಎದುರಿನವರಿಗೆ ತಮ್ಮ ತಲೆಯ ಮೇಲೆ ತಮಗೇ ಅನುಮಾನ ಬರುವಂತೆ ಮಾಡುವುದಕ್ಕೆ ಗ್ಯಾಸ್‌ಲೈಟಿಂಗ್ ಅಂತೀವಿ. 1938ರ ಒಂದು ಇಂಗ್ಲಿಷ್ ನಾಟಕ, ಆಮೇಲೆ 1940 ಮತ್ತು 1944ರಲ್ಲಿ ಅದರ ಮೇಲೆ ಬಂದ ಸಿನಿಮಾಗಳಿಂದ ಹುಟ್ಟಿದ ಪದ. ಗ್ಯಾಸ್ ದೀಪ ಮಂಕಾಗುತ್ತದೆ, ಹೆಂಡತಿ ಗಮನಿಸುತ್ತಾಳೆ, ಗಂಡ ಎಲ್ಲ ನಿನ್ನ ಭ್ರಮೆ ಅನ್ನುತ್ತಾನೆ. 2022ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಇದನ್ನೇ ವರ್ಷದ ಪದ ಅಂತ ಆರಿಸಿತು. ಒಂದು ತಮಾಷೆ: 1944ರ ಸಿನಿಮಾ ನಿರ್ದೇಶಿಸಿದ ಜಾರ್ಜ್ ಕ್ಯೂಕರ್ ಸ್ವತಃ ಸಲಿಂಗಿ. ಇವತ್ತು ಎಲ್ಲರ ಬಾಯಲ್ಲಿರುವ ಪದವನ್ನು ಜಗತ್ತಿಗೆ ಹಬ್ಬಿಸಿದ್ದು ಆ ಸಿನಿಮಾ. ಆದರೆ ತೆರೆಯ ಮೇಲೆ ಇದ್ದವರು ಗಂಡ ಮತ್ತು ಹೆಂಡತಿ.

ಪದಗಳ ಕಥೆಯೆಲ್ಲ ಹೀಗೇ. ಕೌಟುಂಬಿಕ ಹಿಂಸೆಯನ್ನು ಅರ್ಥಮಾಡಿಸಲು ಜಗತ್ತಿನ ತುಂಬ ಬಳಸುವ ಒಂದು ಚಿತ್ರ ಇದೆ. ಅಧಿಕಾರ ಮತ್ತು ಹಿಡಿತದ ಚಕ್ರ. 1984ರಲ್ಲಿ ಅಮೆರಿಕದ ಮಿನೆಸೋಟದ ಡುಲೂತ್ ಊರಿನಲ್ಲಿ, ಹಿಂಸೆ ಅನುಭವಿಸಿದ ಹೆಂಗಸರ ಮಾತು ಕೇಳಿ ಮಾಡಿದ್ದು. ಹೊಡೆತ ಹೊರಸುತ್ತಿನಲ್ಲಿದೆ. ಒಳಗಿನ ಎಂಟು ಅರೆಗಳಲ್ಲಿ ಬೆದರಿಕೆ, ಒಂಟಿ ಮಾಡುವುದು, ಹಣದ ಹಿಡಿತ, ಭಾವನಾತ್ಮಕ ಹಿಂಸೆ ಎಲ್ಲ ಇವೆ. ಮಾನಸಿಕ ಹಿಂಸೆಯನ್ನು ನಡುವಿಗೆ ತಂದ ದೊಡ್ಡ ಕೆಲಸ ಅದು. ಆದರೆ ಅದರ ಒಂದು ಅರೆಯ ಹೆಸರೇ ಗಂಡೆಂಬ ಅಧಿಕಾರದ ಬಳಕೆ. ಇಬ್ಬರು ಹೆಂಗಸರಿದ್ದಾಗ ಚಕ್ರ ಅಲ್ಲಿಗೆ ನಿಲ್ಲುತ್ತದೆ. ಮುಂದೆ ಅದನ್ನೇ ತಿದ್ದಿ, ಹೊರಸುತ್ತಿಗೆ ಸಮಾಜದ ದ್ವೇಷವನ್ನೂ ಸೇರಿಸಿ, ಕ್ವಿಯರ್ ಸಂಬಂಧಗಳಿಗೆ ಬೇರೆ ಚಕ್ರಗಳನ್ನು ಬರೆದರು.

ನಮ್ಮಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಒಂದು ಗಾದೆ ಇದೆ. ಎಷ್ಟು ಹೆಂಗಸರ ಬಾಯಿ ಮುಚ್ಚಿಸಿದೆಯೋ ಆ ಗಾದೆ. ಆದರೂ ಒಂದು ಮಾತು ಹೇಳಬೇಕು. ಜಗಳ ಇದೆ ಅಂತ ಒಪ್ಪಿಕೊಳ್ಳುವಷ್ಟಾದರೂ ಮರ್ಯಾದೆ ಅದರಲ್ಲಿದೆ. ಸಲಿಂಗಿ ಜೋಡಿಗೆ ಅಂಥ ಕೆಟ್ಟ ಗಾದೆಯೂ ಇಲ್ಲ.

ಮನೆಯೊಳಗಿನವರ ಮೌನ

ಇಲ್ಲಿಯವರೆಗೆ ಹೊರಗಿನವರನ್ನು ದೂರಿದ್ದಾಯಿತು. ಒಳಗಿನವರ ಪಾಲೂ ಇದೆ, ಮತ್ತು ಅದನ್ನು ಬರೆಯುವುದೇ ಕಷ್ಟ.

ನಿಮ್ಮ ಪ್ರೀತಿ ರೋಗ, ಪಾಪ, ಅಪರಾಧ ಅಂತ ಜಗತ್ತು ಕೂಗುತ್ತಿರುವಾಗ, ನಮ್ಮಲ್ಲೂ ಹಿಂಸೆ ಇದೆ ಅಂತ ಬಾಯಿಬಿಡುವುದು ಎದುರಾಳಿಯ ಕೈಗೆ ಕೋಲು ಕೊಟ್ಟಂತೆ. ನೋಡಿ, ನಾವು ಮೊದಲೇ ಹೇಳಿರಲಿಲ್ವಾ ಅನ್ನಲು ಜನ ಕಾದಿರುತ್ತಾರೆ. ಹಾಗಾಗಿ ಚಳವಳಿಗಳು ಒಳ್ಳೆಯ ಮುಖವನ್ನೇ ಮುಂದಿಟ್ಟವು. ಬಹುಕಾಲದ ಜೋಡಿಗಳು, ನಗುವ ಫೋಟೋಗಳು, ಪ್ರೀತಿ ಪ್ರೀತಿಯೇ ಎಂಬ ಫಲಕಗಳು. ಅದು ತಪ್ಪಲ್ಲ, ಆ ಹೊತ್ತಿಗೆ ಬೇಕಿತ್ತು. ಆದರೆ ಆ ಫೋಟೋದಲ್ಲಿ ನಗಲಾಗದವರು ಚೌಕಟ್ಟಿನಿಂದ ಆಚೆ ಉಳಿದರು.

ಇನ್ನೊಂದು ನಂಬಿಕೆಯೂ ಅಡ್ಡ ಬಂತು. 1970ರ ದಶಕದಲ್ಲಿ ಹಿಂಸೆಗೆ ಒಳಗಾದ ಹೆಂಗಸರಿಗೆ ಆಶ್ರಯ ಕೇಂದ್ರಗಳನ್ನು ಕಟ್ಟಿದ ಅಮೆರಿಕದ ಮಹಿಳಾ ಚಳವಳಿಯಲ್ಲಿ ಸಲಿಂಗಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಹಿಂಸೆಯ ಬೇರು ಗಂಡಾಳ್ವಿಕೆ ಅಂತ ಅವರೇ ಕಲಿಸಿದ್ದರು. ಆ ಲೆಕ್ಕದಲ್ಲಿ ಗಂಡಿಲ್ಲದ ಮನೆ ಹಿಂಸೆಯಿಲ್ಲದ ಮನೆಯಾಗಬೇಕು. ಹಗಲು ಬೇರೆಯವರಿಗೆ ಆಸರೆ ಕೊಟ್ಟು ರಾತ್ರಿ ಸಂಗಾತಿಯ ಕೈಯಲ್ಲಿ ನರಳುವವಳು ಯಾವ ಮುಖ ಹೊತ್ತು ಹೇಳಿಯಾಳು? ಹೇಳಿಕೊಂಡು ಆಶ್ರಯಕ್ಕೆ ಬಂದರೂ ಬೇರೆ ಸಮಸ್ಯೆ. ಹೆಂಗಸರಿಗೆಲ್ಲ ತೆರೆದಿರುವ ಬಾಗಿಲು ಹಿಂಸೆ ಕೊಟ್ಟವಳಿಗೂ ತೆರೆದೇ ಇರುತ್ತದೆ. ಗೆಳತಿ, ತಂಗಿ ಅಂತ ಹೇಳಿ ಒಳಗೆ ಬರಬಹುದು.

1980ರ ದಶಕದ ಆರಂಭದಲ್ಲಿ ಅವರಲ್ಲೇ ಕೆಲವರು ಧೈರ್ಯ ಮಾಡಿ ಮಾತಾಡಿದರು. 1986ರಲ್ಲಿ ಅಂಥವರ ಬರಹಗಳ ಮೊದಲ ಸಂಕಲನ ಬಂತು. 1991ರಲ್ಲಿ ಸಲಿಂಗಿ ಗಂಡಸರ ಬಗ್ಗೆ ಒಂದು ಪುಸ್ತಕ, 1992ರಲ್ಲಿ ಸಲಿಂಗಿ ಹೆಂಗಸರ ಬಗ್ಗೆ ಸಮಾಜಶಾಸ್ತ್ರಜ್ಞೆ ಕ್ಲೇರ್ ರೆಂಜೆಟ್ಟಿ ಅವರ ಅಧ್ಯಯನ. ಅಂದರೆ ಗಟ್ಟಿಯಾಗಿ ಬರೆದಿಟ್ಟ ಚರಿತ್ರೆಗೆ ಇನ್ನೂ ನಲವತ್ತರ ಆಸುಪಾಸು ವಯಸ್ಸು. ಅದರಲ್ಲೂ ಹೊಡೆತದ ಮಾತೇ ಹೆಚ್ಚು. ಹೊಡೆತ ಇಲ್ಲದ ಹಿಂಸೆಗೆ ಆಗಲೂ ಹಿಂದಿನ ಬೆಂಚು.

ಅದೇ ಹೊತ್ತಿಗೆ ಮಸಾಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಜೈಲಿನಲ್ಲಿ ಎಂಟು ಹೆಂಗಸರಿದ್ದರು. ಹಿಂಸೆ ತಾಳಲಾರದೆ ಸಂಗಾತಿಯನ್ನು ಕೊಂದು ಶಿಕ್ಷೆಗೆ ಒಳಗಾದವರು. ಶಿಕ್ಷೆ ಕಡಿಮೆ ಮಾಡಿ ಅಂತ ಒಟ್ಟಿಗೆ ಅರ್ಜಿ ಹಾಕಿದರು. ತಮ್ಮ ಕಥೆಯನ್ನು ಬಟ್ಟೆಯ ತುಂಡುಗಳ ಮೇಲೆ ಹೊಲಿದು ಒಂದು ಕೌದಿಯನ್ನೂ ಮಾಡಿದರು. ಏಳು ಜನ ಕೊಂದದ್ದು ಗಂಡಸನ್ನು. ಒಬ್ಬಳು ಮಾತ್ರ ಹೆಂಗಸನ್ನು. ಅವಳ ವಿಷಯ ಬಂದಾಗ ಅರ್ಜಿ ಪರಿಶೀಲಿಸಿದ ಮಂಡಳಿಗೆ ಕಂಡದ್ದು ಇಬ್ಬರೂ ಪರಸ್ಪರ ಹೊಡೆದಾಡಿಕೊಳ್ಳುತ್ತಿದ್ದ ಸಂಬಂಧ. ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ ಎಂಬ ನಮ್ಮ ಮಾತಿನ ಹಾಗೆ. ಪೊಲೀಸರು ಸಲಿಂಗಿ ಜೋಡಿಯ ಮನೆಗೆ ಬಂದಾಗ ಇಬ್ಬರನ್ನೂ ಹಿಡಿದುಕೊಂಡು ಹೋಗುವುದು, ಅಥವಾ ಎತ್ತರ ಇರುವವರನ್ನು, ಗಡಸಾಗಿ ಕಾಣುವವರನ್ನು ತಪ್ಪಿತಸ್ಥರೆಂದು ತೀರ್ಮಾನಿಸುವುದು ಇದರದ್ದೇ ಇನ್ನೊಂದು ರೂಪ. ಗಂಡನ ಪಾತ್ರದಲ್ಲಿ ಯಾರಿದ್ದಾರೆ ಅಂತ ಹುಡುಕುವ ಕಣ್ಣಿಗೆ ಬೇರೇನೂ ಕಾಣುವುದಿಲ್ಲ. ಹಿಂಸೆ ತೋಳಿನ ದಪ್ಪದಲ್ಲಿ ಇರುವುದಿಲ್ಲ. ಯಾರು ಯಾರ ಮುಖ ನೋಡಿ ಉಸಿರಾಡುತ್ತಾರೆ ಅನ್ನುವುದರಲ್ಲಿ ಇರುತ್ತದೆ.

ಎಣಿಸಲು ಶುರುಮಾಡಿದಾಗ

ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2010ರಲ್ಲಿ ಮಾಡಿದ ದೊಡ್ಡ ಸಮೀಕ್ಷೆಯನ್ನು ಲೈಂಗಿಕ ಒಲವಿನ ಪ್ರಕಾರ ಬಿಡಿಸಿ 2013ರಲ್ಲಿ ಪ್ರಕಟಿಸಿತು. ಸಂಗಾತಿಯಿಂದ ಜೀವನದಲ್ಲಿ ಒಮ್ಮೆಯಾದರೂ ಅತ್ಯಾಚಾರ, ಹೊಡೆತ ಅಥವಾ ಹಿಂಬಾಲಿಸಿ ಕಾಡುವುದನ್ನು ಅನುಭವಿಸಿದವರು: ಲೆಸ್ಬಿಯನ್ ಹೆಂಗಸರಲ್ಲಿ ಶೇ. 43.8, ದ್ವಿಲಿಂಗಿ ಹೆಂಗಸರಲ್ಲಿ ಶೇ. 61.1, ಗಂಡಸರನ್ನಷ್ಟೇ ಪ್ರೀತಿಸುವ ಹೆಂಗಸರಲ್ಲಿ ಶೇ. 35. ಮಾನಸಿಕ ಹಿಂಸೆ ಮಾತ್ರ ತೆಗೆದುಕೊಂಡರೆ ಸಂಖ್ಯೆ ಇನ್ನೂ ಮೇಲಕ್ಕೆ ಹೋಗುತ್ತದೆ: ಕ್ರಮವಾಗಿ ಶೇ. 63, 76.2, 47.5.

ಈ ಅಂಕಿಗಳನ್ನು ಹಿಡಿದು, ನೋಡಿ ಸಲಿಂಗಿಗಳೇ ಜಾಸ್ತಿ ಹಿಂಸೆ ಕೊಡುವವರು ಅನ್ನುವವರಿದ್ದಾರೆ. ಪೂರ್ತಿ ಓದದಿದ್ದರೆ ಹಾಗೇ ಆಗುವುದು. ಸಮೀಕ್ಷೆ ಕೇಳಿದ್ದು ಇಡೀ ಜೀವನದ ಬಗ್ಗೆ. ಹೊಡೆತ, ಅತ್ಯಾಚಾರ, ಹಿಂಬಾಲಿಕೆ ಅನುಭವಿಸಿದ ಲೆಸ್ಬಿಯನ್ ಹೆಂಗಸರಲ್ಲಿ ಹೆಂಗಸರಿಂದ ಮಾತ್ರ ಅನುಭವಿಸಿದ್ದೇವೆ ಅಂದವರು ಶೇ. 67.4. ಉಳಿದವರ ಕಥೆಯಲ್ಲಿ ಗಂಡಸರಿದ್ದಾರೆ. ದ್ವಿಲಿಂಗಿ ಹೆಂಗಸರಲ್ಲಿ ಶೇ. 89.5 ಜನ ಹೇಳಿದ್ದು ಗಂಡಸರಿಂದ ಮಾತ್ರ ಅಂತ. ಸಂಖ್ಯೆ ಇಷ್ಟನ್ನು ಹೇಳುತ್ತದೆ: ಇಲ್ಲಿ ಹಿಂಸೆ ಇದೆ, ಅಪರೂಪವೇನಲ್ಲ. ಅದಕ್ಕಿಂತ ಮುಂದೆ ಎಳೆಯುವುದು ಬೇಡ.

ಕಾನೂನು ನಿಧಾನಕ್ಕೆ ಹಿಂದೆ ಬರುತ್ತಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2015ರ ಕಾನೂನು ಹೊಡೆತವಿಲ್ಲದ ಹಿಂಸೆಯನ್ನೂ ಅಪರಾಧವೆಂದು ಒಪ್ಪಿತು. ಸಂಗಾತಿಯನ್ನು ಸತತವಾಗಿ ಹಿಡಿತದಲ್ಲಿಟ್ಟು ಬದುಕು ಕಟ್ಟಿಹಾಕಿದರೆ ಐದು ವರ್ಷದವರೆಗೆ ಜೈಲು. ಅಲ್ಲಿ ಗಂಡು, ಹೆಣ್ಣು ಅಂತ ಭೇದವಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮಾತ್ರ 2020ರ ಕೊನೆಯ ದಿನದವರೆಗೂ, ಜೊತೆಗೆ ವಾಸಿಸದ ಪ್ರೇಮಿಗಳು ಗಂಡು-ಹೆಣ್ಣಾಗಿದ್ದರೆ ಮಾತ್ರ ಕೌಟುಂಬಿಕ ಹಿಂಸೆಯ ರಕ್ಷಣಾ ಆದೇಶ ಸಿಗುತ್ತಿತ್ತು. ಮೇಲ್ಮನವಿ ಕೋರ್ಟು ಅದನ್ನು ಅವತ್ತು ತಪ್ಪೆಂದಿತು. ಭಾರತದ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಮಾತಿನ ಹಿಂಸೆ, ಭಾವನಾತ್ಮಕ ಹಿಂಸೆಯನ್ನು ಹೆಸರಿಟ್ಟು ಹೇಳುತ್ತದೆ. ಆದರೆ ದೂರುದಾರರು ಮಹಿಳೆಯೇ ಆಗಿರಬೇಕು, ಸಂಬಂಧ ಮದುವೆಯದ್ದೋ, ಮದುವೆಯಂಥದ್ದೋ, ಕುಟುಂಬದ್ದೋ ಆಗಿರಬೇಕು. ಗಂಡಸಿನ ಸಂಗಾತಿಯಾಗಿರುವ ಗಂಡಸಿಗೆ ಆ ಬಾಗಿಲಿಲ್ಲ.

ಈಗಿನವರಿಗೆ ಪತ್ರ ಸುಡುವ ಕಷ್ಟವೂ ಇಲ್ಲ. ಚಾಟ್ ತಾನಾಗಿ ಅಳಿಸಿಹೋಗುವಂತೆ ಸೆಟ್ಟಿಂಗ್ ಇಟ್ಟರೆ ಸಾಕು. ಹೊರಗಿನವರ ಕಣ್ಣಿಂದ ಉಳಿಯಲು ಬಹಳ ಜನ ಹಾಗೆ ಮಾಡುತ್ತಾರೆ. ನಾನು ಹಾಗಂದೇ ಇಲ್ಲ ಅನ್ನುವವಳಿಗೂ ಅದೇ ಸೆಟ್ಟಿಂಗ್ ಅನುಕೂಲ.

ಕೊನೆಗೆ ಇನ್ನೊಂದು ಜೋಡಿ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಬಳಿಯ ಶಿಬ್ಡನ್ ಹಾಲ್ ಎಂಬ ಮನೆಯ ಒಡತಿ ಆನ್ ಲಿಸ್ಟರ್ ಬರೆದ ಡೈರಿಗಳಲ್ಲಿ ಸುಮಾರು 50 ಲಕ್ಷ ಪದಗಳಿವೆ. ಆರನೇ ಒಂದು ಭಾಗ ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆ ಬೆರೆಸಿದ ಗುಪ್ತಲಿಪಿಯಲ್ಲಿದೆ. ಹೆಂಗಸರ ಜೊತೆಗಿನ ಪ್ರೀತಿಯನ್ನು ಬರೆದಿದ್ದು ಅದರಲ್ಲೇ. 1890ರ ದಶಕದಲ್ಲಿ ಲಿಪಿ ಒಡೆದ ಇಬ್ಬರಲ್ಲಿ ಒಬ್ಬ ಸುಟ್ಟುಬಿಡಿ ಅಂದ. ಇನ್ನೊಬ್ಬ, ಲಿಸ್ಟರ್ ವಂಶದವನೇ, ಸುಡಲಾರದೆ ಮನೆಯ ಗೋಡೆಯ ಹಲಗೆಗಳ ಹಿಂದೆ ಬಚ್ಚಿಟ್ಟ. 2011ರಲ್ಲಿ ಅದು ಯುನೆಸ್ಕೋದ ಬ್ರಿಟನ್ ಸ್ಮೃತಿ ಪಟ್ಟಿಗೆ ಸೇರಿತು.

ಅದರಲ್ಲಿ ಲಿಸ್ಟರ್‌ಳ ಸಂಗಾತಿ ಆನ್ ವಾಕರ್ ಬರುತ್ತಾಳೆ. ಆಸ್ತಿವಂತೆ. ಬಹಳ ಸಲ ಮಂಕಾಗಿರುತ್ತಾಳೆ, ಅಳುತ್ತಾಳೆ, ಲಿಸ್ಟರ್‌ಗೆ ಬೇಸರ ತರಿಸುತ್ತಾಳೆ. ಅವಳ ಆಸ್ತಿಯ ಲೆಕ್ಕಾಚಾರವೂ ಡೈರಿಯಲ್ಲಿ ಬರುತ್ತದೆ. ಲಿಸ್ಟರ್ ಹಿಂಸೆ ಕೊಟ್ಟಳು ಅಂತ ನಾನು ಹೇಳುತ್ತಿಲ್ಲ, ಹೇಳಲು ಆಧಾರವೂ ಇಲ್ಲ. ಆದರೆ ವಾಕರ್ ಯಾಕೆ ಅಳುತ್ತಿದ್ದಳು ಅನ್ನುವುದಕ್ಕೆ 50 ಲಕ್ಷ ಪದಗಳಲ್ಲಿ ಸಿಗುವುದೆಲ್ಲ ಲಿಸ್ಟರ್ ಕೊಟ್ಟ ಕಾರಣ. ಲಿಸ್ಟರ್ 1840ರಲ್ಲಿ ಪ್ರವಾಸದಲ್ಲಿದ್ದಾಗ ತೀರಿಕೊಂಡಳು. 1843ರಲ್ಲಿ ವಾಕರ್‌ಳನ್ನು ಅವಳ ಮನೆಯವರು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಗೆ ಅವಳ ಬಗ್ಗೆ ಬರೆಯುವ ಕೆಲಸ ಡಾಕ್ಟರುಗಳಿಗೆ ಹೋಯಿತು.

2020ರಲ್ಲಿ ವೆಸ್ಟ್ ಯಾರ್ಕ್‌ಷೈರ್‌ನ ದಾಖಲೆ ಭಂಡಾರದಲ್ಲಿ ವಾಕರ್ ತನ್ನ ಕೈಯಾರೆ ಬರೆದ ಒಂದು ಡೈರಿ ಸಿಕ್ಕಿತು. ಅಷ್ಟು ವರ್ಷ ಕಣ್ಣೆದುರೇ ಇದ್ದ ಕಾಗದಗಳ ನಡುವೆ, ಯಾರೂ ಗುರುತಿಸದೆ ಇದ್ದದ್ದು. ಪುಟ್ಟ ಡೈರಿ. 1834ರ ಜೂನ್‌ನಲ್ಲಿ ಶುರುವಾಗಿ 1835ರ ಫೆಬ್ರವರಿಯಲ್ಲಿ ನಿಲ್ಲುತ್ತದೆ. ಅವರಿಬ್ಬರೂ ಅದಾದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಒಟ್ಟಿಗಿದ್ದರು.